‘ನೆಟ್ ಇಲ್ಲ’ ಅಂದ್ರೆ ಎಲ್ಲಿಯವರೆಗೆ ಇಲ್ಲ? ಸಣ್ಣ ಆಫೀಸಿನ ಲ್ಯಾನ್ ಕೈಕೊಟ್ಟಾಗ ಏನು ಮಾಡಬೇಕು

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಸ್ಟೇಟ್‌ಬ್ಯಾಂಕಿನಲ್ಲಿ ಬಸ್ಸಿಗೆ ಕಾಯ್ತಾ ಕೇಳುವವರಿಗೆ, ಆಫೀಸಿನಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವವರಿಗೆ, ಆಡಿಯೋ ಬೇಡ ಅಂತ ಇಲ್ಲಿ ಓದುವವರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಸ್ವಲ್ಪ ಟೆಕ್ನಿಕಲ್. ಆದರೆ ಇದು ಎಂಜಿನಿಯರಿಂಗ್ ಮಾಡಿದವರಿಗಲ್ಲ. ಬಿ.ಕಾಂ. ಮುಗಿಸಿ ಹಂಪನಕಟ್ಟೆಯದ್ದೋ, ಕೊಡಿಯಾಲ್‌ಬೈಲಿನದ್ದೋ, ಬಂದರಿನದ್ದೋ ಒಂದು ಸಣ್ಣ ಆಫೀಸಿಗೆ ಅಕೌಂಟ್ಸ್ ನೋಡ್ಲಿಕ್ಕೆ ಸೇರಿದವರಿಗೆ. ಅಲ್ಲಿ ಐದಾರು ಕಂಪ್ಯೂಟರ್ ಇರ್ತದೆ, ಒಂದು ಪ್ರಿಂಟರ್ ಇರ್ತದೆ, ಗೋಡೆಯ ಮೂಲೆಯಲ್ಲಿ ಧೂಳು ಹಿಡಿದ ಒಂದೆರಡು ಪೆಟ್ಟಿಗೆ ಮಿನುಗ್ತಾ ಇರ್ತದೆ. ಐಟಿಯವರು ಅಂತ ಯಾರೂ ಇರುವುದಿಲ್ಲ. ಒಬ್ಬರು ‘ನೆಟ್ ಇಲ್ಲ’ ಅಂತ ಕೂಗಿದ ಕೂಡಲೇ ಎಲ್ಲರೂ ತಿರುಗಿ ನೋಡುವುದು ಆಫೀಸಿನಲ್ಲಿ ಅತಿ ಸಣ್ಣ ಪ್ರಾಯದವರನ್ನು. ‘ನಿಂಗೆ ಮೊಬೈಲೆಲ್ಲ ಗೊತ್ತುಂಟಲ್ಲ, ಸ್ವಲ್ಪ ನೋಡು ಮಾರಾಯ.’ ಅಷ್ಟೇ, ಆ ದಿನದಿಂದ ನೀವೇ ನೆಟ್‌ವರ್ಕ್ ಎಂಜಿನಿಯರ್.

ಅದೇ ದಿನ ತಾರೀಕು 11 ಅಥವಾ 20 ಆಗಿದ್ದರೆ? ತಿಂಗಳು ತಿಂಗಳು ಫೈಲ್ ಮಾಡುವ ವ್ಯಾಪಾರಿಗೆ ಜಿಎಸ್‌ಟಿಆರ್-1ರ ಕೊನೆ ದಿನ ಮರುತಿಂಗಳ 11, ಜಿಎಸ್‌ಟಿಆರ್-3ಬಿಯದ್ದು 20. 3ಬಿ ತಡವಾದರೆ, ತೆರಿಗೆ ಇರುವ ರಿಟರ್ನಿಗೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. ಜಿಎಸ್‌ಟಿಆರ್-1 ತಪ್ಪಿದರೆ ನಿಮ್ಮ ಬಿಲ್ಲು ಗಿರಾಕಿಯ 2ಬಿಯಲ್ಲಿ ಆ ತಿಂಗಳು ಕಾಣುವುದಿಲ್ಲ, ಅವರ ಇನ್‌ಪುಟ್ ಕ್ರೆಡಿಟ್ ಮುಂದಕ್ಕೆ ಹೋಗ್ತದೆ. ಮರುದಿನ ಅವರ ಫೋನ್ ಬರುವುದು ರೌಟರಿಗಲ್ಲ, ನಿಮಗೆ.

ಹಾಗಾಗಿ ಇವತ್ತು ಒಂದೇ ಒಂದು ಅಭ್ಯಾಸದ ಬಗ್ಗೆ ಹೇಳ್ತೇನೆ. ‘ನೆಟ್ ಇಲ್ಲ’ ಅನ್ನುವ ಒಂದು ಮಾತಿನ ಹಿಂದೆ ಏಳೆಂಟು ಬೇರೆ ಬೇರೆ ಕಾರಣ ಇರಬಹುದು. ‘ಯಾಕೆ ಇಲ್ಲ’ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ‘ಎಲ್ಲಿಯವರೆಗೆ ಉಂಟು’ ಅಂತ ನೋಡಿ. ಕೆಲಸ ಮಾಡ್ತಾ ಇರುವ ಕೊನೆಯ ಜಾಗ ಗೊತ್ತಾದರೆ, ಹಾಳಾದ ಜಾಗ ಅದರ ಮುಂದಿನದ್ದೇ.

ಮೊದಲು ದಾರಿ ಗೊತ್ತಿರಲಿ

ನಿಮ್ಮ ಕಂಪ್ಯೂಟರಿನ ಹಿಂದಿನಿಂದ ಒಂದು ಲ್ಯಾನ್ ಕೇಬಲ್ ಹೊರಡ್ತದೆ. ಅದು ಹೋಗಿ ಸೇರುವುದು ಸ್ವಿಚ್‌ಗೆ. ಅಂದರೆ ಐದು, ಎಂಟು ಅಥವಾ ಹದಿನಾರು ತೂತು ಇರುವ ಪೆಟ್ಟಿಗೆ. ಆಫೀಸಿನ ಎಲ್ಲ ಕಂಪ್ಯೂಟರ್, ಪ್ರಿಂಟರ್ ಅಲ್ಲಿಗೇ ಬರ್ತವೆ. ಸ್ವಿಚ್‌ನಿಂದ ಇನ್ನೊಂದು ಕೇಬಲ್ ರೌಟರಿಗೆ. ರೌಟರಿನಿಂದ ಫೈಬರ್ ಪೆಟ್ಟಿಗೆಗೆ, ಕೆಲವು ಕಡೆ ಎರಡೂ ಒಂದೇ ಪೆಟ್ಟಿಗೆ. ಅಲ್ಲಿಂದ ಕೂದಲೆಳೆಯಂಥ ಗಾಜಿನ ತಂತಿ ಹೊರಗೆ ಕಂಬಕ್ಕೆ.

ಇಲ್ಲಿ ಎರಡು ಬೇರೆ ವ್ಯವಹಾರ ನಡೀತಾ ಉಂಟು. ಟ್ಯಾಲಿ ಡೇಟಾ ಒಂದು ಕಂಪ್ಯೂಟರಿನಲ್ಲಿದ್ದು ಉಳಿದವರು ಅದನ್ನು ತೆರೆಯುವುದು, ಪ್ರಿಂಟ್ ಕೊಡುವುದು, ಇದೆಲ್ಲ ಆಫೀಸಿನ ಒಳಗಿನ ಕೆಲಸ. ಇದಕ್ಕೆ ಸ್ವಿಚ್ ಮತ್ತು ಕೇಬಲ್ ಇದ್ದರೆ ಸಾಕು, ಇಂಟರ್ನೆಟ್ ಬೇಡ. ಜಿಎಸ್‌ಟಿ ಪೋರ್ಟಲ್, ಇಮೇಲ್, ಬ್ಯಾಂಕು ಹೊರಗಿನ ಕೆಲಸ. ಅದಕ್ಕೆ ಮಾತ್ರ ರೌಟರ್, ಫೈಬರ್ ಎಲ್ಲ ಬೇಕು. ಒಳಗಿನ ಕೆಲಸ ನಡೀತಾ ಇದ್ದು ಹೊರಗಿನದ್ದು ನಿಂತಿದ್ದರೆ ಸ್ವಿಚ್ ಮುಟ್ಟುವ ಅಗತ್ಯವೇ ಇಲ್ಲ. ಪೋರ್ಟಲ್ ತೆರೀತಾ ಇದ್ದು ಟ್ಯಾಲಿ ಮಾತ್ರ ಬಾರದಿದ್ದರೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಬೈದು ಪ್ರಯೋಜನ ಇಲ್ಲ.

ಒಬ್ಬರಿಗಾ, ಎಲ್ಲರಿಗಾ?

ಯಾರಾದರೂ ‘ನೆಟ್ ಇಲ್ಲ’ ಅಂದ ಕೂಡಲೇ ಪಕ್ಕದ ಟೇಬಲಿಗೆ ಕೇಳಿ: ‘ನಿಮ್ಮದು ಉಂಟಾ?’ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಮನೆಯ ನೀರಿನ ಹಾಗೆ ಯೋಚಿಸಿ. ಊರಿಗೆಲ್ಲ ನೀರಿಲ್ಲ ಅಂದರೆ ತುಂಬೆಯ ಅಣೆಕಟ್ಟಿನ ಕಡೆ ಏನೋ ಆಗಿರಬೇಕು. ಪಕ್ಕದ ಮನೆಗೆ ಬಂದು ನಮಗೆ ಮಾತ್ರ ಇಲ್ಲ ಅಂದರೆ ನಮ್ಮ ಪೈಪು. ಬಚ್ಚಲಿನಲ್ಲಿ ಬಂದು ಅಡುಗೆಮನೆಯಲ್ಲಿ ಇಲ್ಲ ಅಂದರೆ ಅದೊಂದು ನಲ್ಲಿ. ಅಡುಗೆಮನೆ ನಲ್ಲಿಗಾಗಿ ಯಾರೂ ತುಂಬೆಗೆ ಹೋಗುವುದಿಲ್ಲ. ಆದರೆ ಒಂದು ಕಂಪ್ಯೂಟರಿಗೆ ನೆಟ್ ಇಲ್ಲ ಅಂತ ಇಡೀ ಆಫೀಸಿನ ರೌಟರ್ ಆಫ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆಗ ಸರಿ ಇದ್ದ ನಾಲ್ಕು ಜನರ ಕೆಲಸವೂ ನಿಲ್ತದೆ.

ಈ ಪ್ರಶ್ನೆಗೆ ಇಷ್ಟು ಬೆಲೆ ಬಂದದ್ದು ಯಾಕೆ ಅಂತ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ನಾವು ಬಳಸುವ ಈ ತಂತಿ ಜಾಲದ ಹೆಸರು ಈಥರ್ನೆಟ್. 1973ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಇದನ್ನು ಶುರು ಮಾಡಿದರು. ಆಗಿನ ಈಥರ್ನೆಟ್ಟಿನಲ್ಲಿ ಟಿವಿ ಕೇಬಲಿನಂಥ ಒಂದೇ ದಪ್ಪ ತಂತಿ, ಅದಕ್ಕೇ ಎಲ್ಲ ಕಂಪ್ಯೂಟರ್ ಜೋಡಣೆ. ಆ ತಂತಿ ಎಲ್ಲಿ ತುಂಡಾದರೂ ಎಲ್ಲರ ಕೆಲಸವೂ ಬಂದ್. ಈಗ ಸ್ವಿಚ್‌ನಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಕೇಬಲ್. ಆದ್ದರಿಂದ ಒಬ್ಬರ ಕೇಬಲ್ ಹೋದರೆ ಒಬ್ಬರದ್ದೇ ಹೋಗ್ತದೆ. ಎಲ್ಲರದ್ದೂ ಒಟ್ಟಿಗೆ ಹೋದರೆ ಎಲ್ಲರೂ ಹಂಚಿಕೊಂಡ ಜಾಗದಲ್ಲೇ ತೊಂದರೆ: ಸ್ವಿಚ್, ರೌಟರ್, ಫೈಬರ್, ಇಲ್ಲವೇ ಕರೆಂಟು.

ಲೈಟ್ ನೋಡಿ, ಆಮೇಲೆ ಕೈ ಹಾಕಿ

ಮುಟ್ಟುವ ಮೊದಲು ಮೊಬೈಲ್ ತೆಗೆದು ಸ್ವಿಚ್, ರೌಟರ್ ಎರಡರ ಫೋಟೊ ತೆಗೆಯಿರಿ. ಯಾವ ಕೇಬಲ್ ಯಾವ ತೂತಿನಲ್ಲಿತ್ತು, ಯಾವ ಲೈಟ್ ಉರೀತಾ ಇತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಆಫ್ ಮಾಡಿ ಆನ್ ಮಾಡಿದರೆ ಸಾಕ್ಷಿ ಅಳಿಸಿ ಹೋಗ್ತದೆ.

ಒಂದೇ ಕಂಪ್ಯೂಟರಿಗೆ ತೊಂದರೆ ಅಂತಾದರೆ ಅದರ ಹಿಂದೆ ಕೇಬಲ್ ಸಿಕ್ಕಿಸುವ ಜಾಗದಲ್ಲಿ ಸಣ್ಣ ಲೈಟ್ ಉಂಟಾ ನೋಡಿ. ಸ್ವಿಚ್‌ನಲ್ಲಿ ಆ ಕೇಬಲಿನ ಎದುರಿನ ಲೈಟೂ ನೋಡಿ. ಎರಡೂ ಕಡೆ ಉರಿಯುತ್ತಿದ್ದರೆ ತಂತಿ ಜೋಡಣೆ ಆಗಿದೆ ಅಂತ ಅರ್ಥ. ಲೈಟೇ ಇಲ್ಲದಿದ್ದರೆ ವಿಂಡೋಸ್ ಸೆಟ್ಟಿಂಗ್ಸ್ ಒಳಗೆ ಹೋಗಿ ಹುಡುಕುವುದು ದಂಡ, ತೊಂದರೆ ಕಣ್ಣೆದುರೇ ಉಂಟು.

ಆಗ ಅದಲು ಬದಲು ಮಾಡಿ ನೋಡಿ, ಆದರೆ ಒಂದು ಸಲಕ್ಕೆ ಒಂದೇ. ಮೊದಲು ಕೇಬಲನ್ನು ಎರಡೂ ಕಡೆ ತೆಗೆದು ‘ಟಿಕ್’ ಅನ್ನುವವರೆಗೆ ಪುನಃ ಒತ್ತಿ. ಆ ಪ್ಲಾಸ್ಟಿಕ್ ನಾಲಿಗೆ ಮುರಿದ ಕೇಬಲ್ ಕುರ್ಚಿ ಸರಿಸಿದಾಗೆಲ್ಲ ಜಾರ್ತದೆ. ಆಗಲಿಲ್ಲ ಅಂದರೆ ಸ್ವಿಚ್‌ನಲ್ಲಿ ಬೇರೆ ತೂತಿಗೆ ಹಾಕಿ. ಲೈಟ್ ಬಂದರೆ ಹಳೆ ತೂತು ಸತ್ತಿದೆ. ಬಾರದಿದ್ದರೆ ಸರಿ ಇರುವ ಇನ್ನೊಂದು ಕೇಬಲ್ ತಂದು ಹಾಕಿ. ಈಗ ಬಂದರೆ ಹಳೆ ಕೇಬಲ್ ಹೋಗಿದೆ. ಆಗಲೂ ಬಾರದಿದ್ದರೆ ಕಂಪ್ಯೂಟರಿನ ಲ್ಯಾನ್ ಪೋರ್ಟ್. ಮೂರೂ ಒಟ್ಟಿಗೆ ಬದಲಿಸಿದರೆ ಸರಿ ಆಗಬಹುದು, ಆದರೆ ಯಾವುದರಿಂದ ಸರಿ ಆಯ್ತು ಅಂತ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಪುನಃ ಅದೇ ಕಥೆ.

ನಮ್ಮ ಊರಿನಲ್ಲಿ ಕೇಬಲಿಗೆ ಶತ್ರುಗಳು ಜಾಸ್ತಿ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಸಮುದ್ರದ ಉಪ್ಪುಗಾಳಿ, ಹಳೆ ಕಟ್ಟಡದ ಇಲಿ. ತೇವ ಮತ್ತು ಉಪ್ಪು ಸೇರಿ ಕನೆಕ್ಟರಿನ ಪಿನ್ನು ಮಾಸ್ತದೆ, ಸಂಪರ್ಕ ಒಮ್ಮೆ ಬರ್ತದೆ, ಒಮ್ಮೆ ಹೋಗ್ತದೆ. ಕೇಬಲ್ ತೆಗೆದುಕೊಳ್ಳುವಾಗ ಪೂರ್ತಿ ತಾಮ್ರದ್ದಾ ಅಂತ ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಕೊಟ್ಟ ಕಡಿಮೆ ರೇಟಿನ ಕೇಬಲ್ ಸಿಗ್ತದೆ. ಅದು ಬೇಗ ಮುರೀತದೆ, ದೂರ ಹೋದ ಹಾಗೆ ಸಿಗ್ನಲ್ಲೂ ಹೆಚ್ಚು ಸೋರ್ತದೆ. ಒಳ್ಳೆಯ ಕೇಬಲ್ ಆದರೂ ಒಂದು ತುದಿಯಿಂದ ಇನ್ನೊಂದಕ್ಕೆ 100 ಮೀಟರ್ ಮಿತಿ.

ಕ್ರಿಂಪಿಂಗ್ ಟೂಲ್ ಇಟ್ಟುಕೊಂಡು ತಾವೇ ಕನೆಕ್ಟರ್ ಹಾಕುವವರಿಗೆ ಒಂದು ಮಾತು. ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಸಾಮಾನ್ಯವಾಗಿ ಬಳಸುವ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ. ‘ಎರಡೂ ಕಡೆ ಒಂದೇ ಥರ ಇದ್ದರಾಯ್ತು, ಬಣ್ಣ ಯಾವುದಾದರೇನು’ ಅನ್ನುವವರು ಇದ್ದಾರೆ. ಕಡಿಮೆ ಬೆಲೆಯ ಟೆಸ್ಟರ್ ಅದಕ್ಕೆ ಎಂಟೂ ಹಸಿರು ಲೈಟ್ ತೋರಿಸಿಬಿಡ್ತದೆ. ಆದರೆ ಒಂದೊಂದು ಜೋಡಿಯನ್ನು ಒಟ್ಟಿಗೆ ತಿರುಚಿ ಇಟ್ಟದ್ದೇ ಗಲಾಟೆ ಒಳಗೆ ಬಾರದಿರಲಿ ಅಂತ. ಜೋಡಿ ಮುರಿದು ಹಾಕಿದರೆ ಟೆಸ್ಟರಿನಲ್ಲಿ ಪಾಸ್, ಕೆಲಸದಲ್ಲಿ ಫೇಲ್.

ಇನ್ನೊಂದು, ನೆಟ್ ಉಂಟು ಆದರೆ ಟ್ಯಾಲಿ ಆಮೆಯ ಹಾಗೆ ತೆವಳ್ತದೆ ಅಂದರೆ ವಿಂಡೋಸಿನ ನೆಟ್‌ವರ್ಕ್ ಸೆಟ್ಟಿಂಗ್ಸಿನಲ್ಲಿ ಲಿಂಕ್ ಸ್ಪೀಡ್ ನೋಡಿ. ಒಂದು ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಕಂಪ್ಯೂಟರ್, ಸ್ವಿಚ್ ಎರಡೂ ಗಿಗಾಬಿಟ್‌ನವೇ ಆಗಿದ್ದು ಅಲ್ಲಿ 100 ಅಂತ ತೋರಿಸಿದರೆ ಕೇಬಲಿನ ಒಳಗೆ ಯಾವುದೋ ಒಂದು ತಂತಿ ಬಿಟ್ಟಿರುವ ಸಾಧ್ಯತೆ ಜಾಸ್ತಿ.

ಎಲ್ಲರದ್ದೂ ನಿಂತಿದ್ದು, ಸ್ವಿಚ್‌ನ ಲೈಟೆಲ್ಲ ಒಟ್ಟಿಗೆ ಹುಚ್ಚು ಹಿಡಿದ ಹಾಗೆ ಮಿನುಗ್ತಾ ಇದ್ದರೆ? ಗುಡಿಸುವಾಗ ನೆಲದ ಮೇಲೆ ಬಿದ್ದಿದ್ದ ಕೇಬಲಿನ ತುದಿಯನ್ನು ಯಾರೋ ಪಾಪ ‘ಇದು ಬಿಟ್ಟು ಹೋಗಿದೆ’ ಅಂತ ಖಾಲಿ ತೂತಿಗೆ ಹಾಕಿರಬಹುದು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿದ್ದರೆ ಸಂದೇಶಗಳು ಸುತ್ತು ಹೊಡೀತಾ ಹೊಡೀತಾ ಇಡೀ ಜಾಲವನ್ನು ತುಂಬಿಸಿಬಿಡ್ತವೆ. ಸಣ್ಣ ಆಫೀಸಿನ ಸಾದಾ ಸ್ವಿಚ್‌ಗಳಲ್ಲಿ ಹೆಚ್ಚಿನವಕ್ಕೆ ಇದನ್ನು ತಡೆಯುವ ಬುದ್ಧಿ ಇಲ್ಲ. ಆ ಕೇಬಲ್ ಎಳೆದರೆ ಕೆಲವೇ ಸೆಕೆಂಡಿನಲ್ಲಿ ಎಲ್ಲ ಶಾಂತ.

ವಿಳಾಸ ಸಿಕ್ಕಿದೆಯಾ?

ಲೈಟ್ ಎಲ್ಲ ಸರಿ ಉಂಟು, ಆದರೂ ಇಲ್ಲ. ಈಗ ಮುಂದಿನ ಹಂತ. ವಿಂಡೋಸ್ ಬಟನ್ ಮತ್ತು ಆರ್ ಒಟ್ಟಿಗೆ ಒತ್ತಿ, ಸಿ-ಎಂ-ಡಿ ಅಂತ ಟೈಪ್ ಮಾಡಿ ಎಂಟರ್. ಕಪ್ಪು ಪರದೆ ಬರ್ತದೆ, ಹೆದರಬೇಡಿ. ಅಲ್ಲಿ ಐ-ಪಿ-ಸಿ-ಒ-ಎನ್-ಎಫ್-ಐ-ಜಿ, ಮಧ್ಯೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್. ಐಪಿವಿ4 ವಿಳಾಸ ಅಂತ ಒಂದು ಸಾಲು ಕಾಣ್ತದೆ. ಅದರ ಕೆಳಗೆ ಡಿಫಾಲ್ಟ್ ಗೇಟ್‌ವೇ, ಅಂದರೆ ನಿಮ್ಮ ರೌಟರಿನ ವಿಳಾಸ.

ಸಾಮಾನ್ಯವಾಗಿ ಇದು 192.168.1.25 ಅಂತಲೋ 192.168.0.12 ಅಂತಲೋ ಇರ್ತದೆ. ಈ ನಂಬರುಗಳನ್ನು ಹಂಚುವ ಕೆಲಸ ರೌಟರಿನದ್ದು. ಇಲ್ಲಿ ಮೂರು ಥರದ ತೊಂದರೆ ಬರ್ತದೆ.

ಒಂದು, ವಿಳಾಸ 169.254ರಿಂದ ಶುರುವಾಗ್ತದೆ. ಹಾಗಂದರೆ ಕಂಪ್ಯೂಟರ್ ಕೇಳಿತು, ಯಾರೂ ಕೊಡಲಿಲ್ಲ, ತಾನೇ ಒಂದು ನಂಬರ್ ಹಾಕಿಕೊಂಡು ಕೂತಿದೆ. ಒಂದರಲ್ಲಿ ಮಾತ್ರ ಹೀಗಿದ್ದರೆ ಕೇಬಲನ್ನು ಪುನಃ ನೋಡಿ. ಎಲ್ಲದರಲ್ಲೂ ಹೀಗಿದ್ದರೆ ರೌಟರ್, ಇಲ್ಲವೇ ಸ್ವಿಚ್‌ನಿಂದ ರೌಟರಿಗೆ ಹೋಗುವ ಕೇಬಲ್.

ಎರಡು, ನಿಮ್ಮದು 192.168.0ರ ಸಾಲಿನಲ್ಲಿ, ಟ್ಯಾಲಿ ಇರುವ ಕಂಪ್ಯೂಟರ್ 192.168.1ರ ಸಾಲಿನಲ್ಲಿ. ಒಂದೇ ಕೋಣೆಯಲ್ಲಿದ್ದರೂ ಒಬ್ಬರಿಗೊಬ್ಬರು ಕಾಣುವುದಿಲ್ಲ. ವೈಫೈ ಸಿಗುವುದಿಲ್ಲ ಅಂತ ಯಾರಾದರೂ ಮನೆಯಿಂದ ಹಳೆ ರೌಟರ್ ತಂದು ಸ್ವಿಚ್‌ಗೆ ಹಾಕಿದ್ದಾರಾ ವಿಚಾರಿಸಿ. ಈಗ ನಂಬರ್ ಹಂಚುವವರು ಇಬ್ಬರು, ಯಾರು ಮೊದಲು ಕೊಟ್ಟರೋ ಅವರ ಸಾಲಿಗೆ ಸೇರುವುದು. ಬೆಳಿಗ್ಗೆ ಆನ್ ಮಾಡಿದಾಗ ಸರಿ ಇದ್ದದ್ದು ಮಧ್ಯಾಹ್ನ ಕೆಡಲು ಇದೂ ಒಂದು ಕಾರಣ. ಆ ಹಳೆ ರೌಟರಿನಲ್ಲಿ ಡಿಎಚ್‌ಸಿಪಿ ಅನ್ನುವ ಸೌಲಭ್ಯ ಆಫ್ ಮಾಡಬೇಕು, ಗೊತ್ತಿಲ್ಲದಿದ್ದರೆ ಸದ್ಯಕ್ಕೆ ಅದನ್ನು ತೆಗೆದಿಡಿ.

ಮೂರು, ಇಬ್ಬರಿಗೆ ಒಂದೇ ನಂಬರ್. ಪ್ರಿಂಟರಿಗೆ ಕೈಯಾರೆ ಒಂದು ವಿಳಾಸ ಕೊಟ್ಟಿರ್ತಾರೆ, ರೌಟರ್ ಅದೇ ನಂಬರನ್ನು ಹೊಸ ಲ್ಯಾಪ್‌ಟಾಪಿಗೂ ಕೊಡ್ತದೆ. ಆ ಲ್ಯಾಪ್‌ಟಾಪಿನವರು ಬಂದ ದಿನ ಪ್ರಿಂಟರ್ ಇಲ್ಲ, ರಜೆ ಹಾಕಿದ ದಿನ ಉಂಟು. ಭೂತ ಪ್ರೇತ ಏನಲ್ಲ, ಪ್ರಿಂಟರಿನ ನಂಬರನ್ನು ರೌಟರ್ ಹಂಚುವ ಸಾಲಿನಿಂದ ಹೊರಗಿಟ್ಟರೆ ಮುಗೀತು.

ದಕ್ಕೆಯ ಬೋಟಿನ ಹಾಗೆ ಪಿಂಗ್

ದಕ್ಕೆಯಿಂದ ಕಡಲಿಗೆ ಹೋಗುವ ಬೋಟುಗಳಲ್ಲಿ ಫಿಶ್ ಫೈಂಡರ್ ಅಂತ ಒಂದು ಯಂತ್ರ ಇರ್ತದೆ. ನೀರಿನೊಳಗೆ ಶಬ್ದ ಕಳಿಸ್ತದೆ, ಮೀನಿನ ಹಿಂಡಿಗೋ ತಳಕ್ಕೋ ಬಡಿದು ವಾಪಸ್ ಬರುವ ಪ್ರತಿಧ್ವನಿಗೆ ಕಾಯ್ತದೆ. ಬರಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ಎಷ್ಟು ಆಳ ಅಂತ ಲೆಕ್ಕ. ಜಲಾಂತರ್ಗಾಮಿಗಳ ಸೋನಾರ್ ಕೂಡ ಇದೇ. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್ ತಮ್ಮಲ್ಲಿನ ನೆಟ್‌ವರ್ಕ್ ತೊಂದರೆ ಹುಡುಕಲು ಒಂದು ಸಣ್ಣ ಪ್ರೋಗ್ರಾಂ ಬರೆದು, ಸೋನಾರಿನ ಸದ್ದಿನ ಮೇಲೆ ಅದಕ್ಕೆ ‘ಪಿಂಗ್’ ಅಂತ ಹೆಸರಿಟ್ಟರು. ನಿಮ್ಮ ಕಂಪ್ಯೂಟರಿನಲ್ಲಿ ಅದು ಈಗಲೂ ಉಂಟು.

ಅದೇ ಕಪ್ಪು ಪರದೆಯಲ್ಲಿ ಪಿ-ಐ-ಎನ್-ಜಿ, ಒಂದು ಜಾಗ ಬಿಟ್ಟು ವಿಳಾಸ. ಹತ್ತಿರದಿಂದ ದೂರಕ್ಕೆ ಮೂರು ಸಲ ಮಾಡಿ.

ಮೊದಲು ರೌಟರ್. ಆಗ ನೋಡಿದ ಗೇಟ್‌ವೇ ನಂಬರ್, 192.168.1.1 ಅಂತ ಇಟ್ಟುಕೊಳ್ಳಿ. ಉತ್ತರ ಬಂದರೆ ಒಳಗಿನ ದಾರಿ ಸರಿ. ಬಾರದಿದ್ದರೆ ತೊಂದರೆ ನಿಮ್ಮ ಮತ್ತು ರೌಟರಿನ ಮಧ್ಯೆ, ಪುನಃ ಕೇಬಲಿಗೆ ಹೋಗಿ.

ಎರಡನೆಯದು 8.8.8.8. ಇದು ಗೂಗಲ್‌ನವರು ಸಾರ್ವಜನಿಕರಿಗೆ ಇಟ್ಟ ಸರ್ವರ್, ನಂಬರ್ ನೆನಪಿಡಲು ಸುಲಭ. ರೌಟರ್ ಉತ್ತರ ಕೊಟ್ಟು ಇದು ಕೊಡದಿದ್ದರೆ ತೊಂದರೆ ರೌಟರಿನಿಂದ ಆಚೆ. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಅಂತ ಬರೆದ ಕೆಂಪು ಲೈಟ್ ಉಂಟಾ ನೋಡಿ. ಹೊರಗಿನಿಂದ ಬೆಳಕೇ ಬರ್ತಾ ಇಲ್ಲ ಅಂತ ಅದರ ಅರ್ಥ. ಎಲ್ಲೋ ರಸ್ತೆ ಅಗೆದಿರಬಹುದು, ಮರದ ಗೆಲ್ಲು ಬಿದ್ದಿರಬಹುದು. ನಿಮ್ಮ ಕೈಯಲ್ಲಿ ಇರುವುದು ಫೋನ್ ಮಾಡುವುದು ಮಾತ್ರ.

ಮೂರನೆಯದು ಒಂದು ಹೆಸರು, ಯಾವುದಾದರೂ ದೊಡ್ಡ ವೆಬ್‌ಸೈಟಿನದ್ದು. 8.8.8.8 ಉತ್ತರ ಕೊಟ್ಟು, ಹೆಸರು ಹಾಕಿದಾಗ ವಿಳಾಸವೇ ಸಿಗಲಿಲ್ಲ ಅಂತ ಬಂದರೆ ದಾರಿ ಸರಿ ಇದೆ, ಹೆಸರನ್ನು ನಂಬರ್ ಮಾಡಿಕೊಡುವ ಡಿಎನ್‌ಎಸ್ ಮಾತ್ರ ಕೈಕೊಟ್ಟಿದೆ. ಮೊಬೈಲಿನಲ್ಲಿ ಸಿಮ್ ಇದ್ದು ಕಾಂಟ್ಯಾಕ್ಟ್ ಎಲ್ಲ ಅಳಿಸಿ ಹೋದ ಹಾಗೆ. ರೌಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೆಚ್ಚಾಗಿ ಸರಿ ಆಗ್ತದೆ, ಇಲ್ಲದಿದ್ದರೆ ಡಿಎನ್‌ಎಸ್ ಜಾಗದಲ್ಲಿ 8.8.8.8 ಅಂತ ಕೊಡಬಹುದು.

ಒಮ್ಮೆ ಬಂದು ಒಮ್ಮೆ ಹೋಗುವ ತೊಂದರೆಗೆ ರೌಟರಿನ ವಿಳಾಸದ ಮುಂದೆ ಜಾಗ ಬಿಟ್ಟು ಅಡ್ಡಗೆರೆ, ಟಿ ಅಂತ ಸೇರಿಸಿ. ನಿಲ್ಲಿಸುವವರೆಗೆ ಪಿಂಗ್ ಓಡ್ತಾ ಇರ್ತದೆ. ಆಗ ಕೇಬಲನ್ನು ಮೆಲ್ಲಗೆ ಅಲ್ಲಾಡಿಸಿ. ಉತ್ತರ ತಪ್ಪಿದ ಜಾಗವೇ ರೋಗದ ಜಾಗ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ.

ಒಂದು ಎಚ್ಚರಿಕೆ. ಪಕ್ಕದ ವಿಂಡೋಸ್ ಕಂಪ್ಯೂಟರಿಗೆ ಪಿಂಗ್ ಮಾಡಿ ಉತ್ತರ ಬಾರದಿದ್ದರೆ ಅದು ಸತ್ತಿದೆ ಅಂತ ತೀರ್ಮಾನ ಮಾಡಬೇಡಿ. ವಿಂಡೋಸಿನ ಫೈರ್‌ವಾಲ್ ಪಿಂಗಿಗೆ ಉತ್ತರ ಕೊಡದೆ ಸುಮ್ಮನೆ ಕೂರುವುದುಂಟು. ಅದಕ್ಕೇ ರೌಟರಿನಿಂದ ಶುರು ಮಾಡಿ ಅಂದದ್ದು.

ನೆಟ್ ಉಂಟು, ಟ್ಯಾಲಿ ಇಲ್ಲ

ಇದು ರೌಟರ್ ಬದಲಿಸಿದ ಮರುದಿನ ಬರುವ ತೊಂದರೆ. ಹೊಸ ರೌಟರ್ ಬಂತು, ಇಂಟರ್ನೆಟ್ ಫಾಸ್ಟ್, ಆದರೆ ಯಾರಿಗೂ ಟ್ಯಾಲಿಯ ಫೋಲ್ಡರ್ ಸಿಗುವುದಿಲ್ಲ. ವಿಂಡೋಸಿನ ಲೆಕ್ಕದಲ್ಲಿ ಇದೊಂದು ಅಪರಿಚಿತ ನೆಟ್‌ವರ್ಕ್. ಅದಕ್ಕೆ ‘ಪಬ್ಲಿಕ್’ ಅಂತ ಹಣೆಪಟ್ಟಿ ಹಚ್ಚಿ, ಬಸ್‌ಸ್ಟ್ಯಾಂಡಿನ ವೈಫೈಯಲ್ಲಿ ಇದ್ದ ಹಾಗೆ ಬಾಗಿಲು ಮುಚ್ಚಿಕೊಳ್ತದೆ. ಡೇಟಾ ಇರುವ ಕಂಪ್ಯೂಟರಿನ ನೆಟ್‌ವರ್ಕ್ ಸೆಟ್ಟಿಂಗ್ಸಿಗೆ ಹೋಗಿ ಅದನ್ನು ‘ಪ್ರೈವೇಟ್’ ಮಾಡಿ.

ಹಾಗೆಯೇ ಆ ಕಂಪ್ಯೂಟರಿನ ನಂಬರೂ ಹೊಸ ರೌಟರಿನಿಂದ ಬದಲಾಗಿರಬಹುದು. ಉಳಿದವರು ಹಳೆ ನಂಬರಿನಲ್ಲೇ ಹುಡುಕ್ತಾ ಇರ್ತಾರೆ. ಡೇಟಾ ಇರುವ ಕಂಪ್ಯೂಟರಿಗೆ ಬದಲಾಗದ ವಿಳಾಸ ಕೊಡುವುದು ಇದಕ್ಕೇ. ಅದು ಸ್ಲೀಪ್‌ಗೆ ಹೋಗದ ಹಾಗೂ ನೋಡಿಕೊಳ್ಳಿ. ಟ್ಯಾಲಿ ಇದ್ದಕ್ಕಿದ್ದ ಹಾಗೆ ಎಜುಕೇಶನಲ್ ಮೋಡಿನಲ್ಲಿ ತೆರೆದುಕೊಂಡರೆ ಲೈಸೆನ್ಸ್ ಹೋಯ್ತು ಅಂತ ಗಾಬರಿ ಬೇಡ. ಲೈಸೆನ್ಸ್ ಇರುವ ಕಂಪ್ಯೂಟರಿಗೆ ದಾರಿ ಸಿಗದಿದ್ದರೂ ಹಾಗೇ ಆಗ್ತದೆ.

ಇನ್ನೊಂದು ಈಚಿನದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹಾಗಾಗಿ ಹೊಸ ಕಂಪ್ಯೂಟರ್ ತೆಗೆದುಕೊಂಡವರು ಇದ್ದಾರೆ. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿ, ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಶೇರ್ಡ್ ಫೋಲ್ಡರ್ ತೆರೆಯುವುದನ್ನು ತಾನಾಗಿಯೇ ತಡೆಯುತ್ತದೆ. ಹಳೆ ಕಂಪ್ಯೂಟರುಗಳಿಗೆಲ್ಲ ಫೋಲ್ಡರ್ ಸಿಗ್ತದೆ, ಹೊಸತಕ್ಕೆ ಮಾತ್ರ ಇಲ್ಲ. ಆ ರಕ್ಷಣೆಯನ್ನೇ ಆಫ್ ಮಾಡಿ ಅಂತ ಹೇಳುವ ವಿಡಿಯೋಗಳು ಸಿಕ್ತಾವೆ, ಬೇಡ. ಡೇಟಾ ಇರುವ ಕಂಪ್ಯೂಟರಿನಲ್ಲಿ ಒಂದು ಯೂಸರ್ ಹೆಸರು, ಪಾಸ್‌ವರ್ಡ್ ಮಾಡಿ ಅದನ್ನೇ ಬಳಸಿ. ಗಿರಾಕಿಗಳ ಲೆಕ್ಕವೆಲ್ಲ ಅಲ್ಲೇ ಇರುವುದಲ್ವಾ?

ಕರೆಂಟು ಮತ್ತು ಸಿಡಿಲು

ಹೆಚ್ಚಿನ ಆಫೀಸುಗಳಲ್ಲಿ ಕಂಪ್ಯೂಟರಿಗೆ ಯುಪಿಎಸ್ ಇರ್ತದೆ. ಸ್ವಿಚ್‌ನ ಅಡಾಪ್ಟರ್ ಎಲ್ಲಿಗೆ ಹಾಕಿದ್ದಾರೆ ನೋಡಿ. ಗೋಡೆಯ ಸಾದಾ ಪಾಯಿಂಟಿಗೆ ಹಾಕಿದ್ದರೆ, ಎರಡು ಸೆಕೆಂಡು ಕರೆಂಟ್ ಹೋಗಿ ಬಂದರೂ ಕಂಪ್ಯೂಟರ್ ಉಳೀತದೆ, ಸ್ವಿಚ್ ಸತ್ತು ಹುಟ್ಟಿ ಬರ್ತದೆ. ಅಷ್ಟರಲ್ಲಿ ಟ್ಯಾಲಿಯಲ್ಲಿ ಎಂಟ್ರಿ ಮಾಡ್ತಾ ಇದ್ದವರ ಸಂಪರ್ಕ ಮಧ್ಯದಲ್ಲೇ ಕಡಿದಿರ್ತದೆ, ಡೇಟಾ ಕೆಡುವ ಅಪಾಯವೂ ಉಂಟು. ಸ್ವಿಚ್, ರೌಟರ್, ಫೈಬರ್ ಪೆಟ್ಟಿಗೆ ಮೂರೂ ಸೇರಿ ಎಳೆಯುವ ಕರೆಂಟು ತುಂಬ ಕಮ್ಮಿ. ಅವನ್ನೂ ಯುಪಿಎಸ್‌ಗೆ ಸೇರಿಸಿ.

ಇನ್ನು ಸಿಡಿಲು. ಪತ್ತನಾಜೆಯ ಮೊದಲಿನ ಮಳೆಗೆ, ಅಕ್ಟೋಬರಿನ ಸಂಜೆ ಮಳೆಗೆ ನಮ್ಮಲ್ಲಿ ಗುಡುಗು ಸಿಡಿಲು ಜೋರು. ಸಿಡಿಲು ನಿಮ್ಮ ಕಟ್ಟಡಕ್ಕೇ ಹೊಡೆಯಬೇಕಂತಿಲ್ಲ. ಹತ್ತಿರ ಎಲ್ಲೋ ಬಿದ್ದರೂ ಉದ್ದ ತಾಮ್ರದ ತಂತಿಯಲ್ಲಿ ಕ್ಷಣಮಾತ್ರ ಹೆಚ್ಚು ವೋಲ್ಟೇಜ್ ಹುಟ್ಟಿ ಸ್ವಿಚ್‌ನ ಒಂದೆರಡು ತೂತು, ಕಂಪ್ಯೂಟರಿನ ಲ್ಯಾನ್ ಪೋರ್ಟ್ ಸುಡ್ತದೆ. ಮಳೆಯ ಮರುದಿನ ಇಬ್ಬರಿಗೆ ಮಾತ್ರ ನೆಟ್ ಇಲ್ಲ ಅಂದರೆ ಮೊದಲು ಬೇರೆ ತೂತಿಗೆ ಹಾಕಿ ನೋಡಿ. ಆಫೀಸಿನಿಂದ ಗೋಡೌನಿಗೆ ಹೊರಗಿನಿಂದ ತಾಮ್ರದ ಲ್ಯಾನ್ ಕೇಬಲ್ ಎಳೆದಿದ್ದರೆ ಅದನ್ನು ಫೈಬರಿಗೆ ಬದಲಿಸುವುದು ಒಳ್ಳೆಯದು, ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಅಲ್ಲಿಯವರೆಗೆ ಸಂಜೆ ಬೀಗ ಹಾಕುವಾಗ ಆ ಕೇಬಲ್ ಎಳೆದಿಟ್ಟು ಹೋಗಿ.

ಕೊನೆ ದಿನ, ಗಂಟೆ ಐದು

ಈಗ 20ನೇ ತಾರೀಕಿಗೆ ಬರುವ. ಎಲ್‌ಒಎಸ್ ಕೆಂಪು, ಕಂಪನಿಯವರು ‘ನಾಳೆ ಬರ್ತೇವೆ’ ಅಂದಿದ್ದಾರೆ. ಒಳಗಿನ ಜಾಲ ಸರಿ ಇದ್ದ ಕಾರಣ ಟ್ಯಾಲಿ ನಡೀತದೆ. ಹೊರಗಿನ ಕೆಲಸಕ್ಕೆ ಒಂದೇ ಕಂಪ್ಯೂಟರ್ ಸಾಕಲ್ವಾ? ಚಾರ್ಜರಿನ ಯುಎಸ್‌ಬಿ ಕೇಬಲಿನಿಂದ ನಿಮ್ಮ ಮೊಬೈಲನ್ನು ಅದಕ್ಕೆ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್ಸಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಪೋರ್ಟಲಿನ ಬದಲು ಟ್ಯಾಲಿಯೇ ನಿಂತಿದ್ದರೆ ಡೇಟಾ ಇರುವ ಕಂಪ್ಯೂಟರಿನ ಎದುರು ಹೋಗಿ ಕೂತು ಕೆಲಸ ಮುಗಿಸಿ, ರಿಪೇರಿ ಆಮೇಲೆ. ಡೆಡ್‌ಲೈನ್ ದಾಟಿದ ಮೇಲೆ ಸರಿಯಾದ ನೆಟ್‌ವರ್ಕಿನಿಂದ ಲೇಟ್ ಫೀ ವಾಪಸ್ ಬರುವುದಿಲ್ಲ.

ಗಡಿಬಿಡಿಯಲ್ಲಿ ಒಂದು ಮಾತ್ರ ಮಾಡಬೇಡಿ: ರೌಟರಿನ ಹಿಂದೆ ಸಣ್ಣ ತೂತಿನಲ್ಲಿರುವ ರಿಸೆಟ್‌ಗೆ ಪಿನ್ನು ಚುಚ್ಚಬೇಡಿ. ಆಫ್ ಮಾಡಿ ಆನ್ ಮಾಡುವುದು ಬೇರೆ, ರಿಸೆಟ್ ಬೇರೆ. ರಿಸೆಟ್ ಮಾಡಿದರೆ ಕಂಪನಿಯವರು ಹಾಕಿಕೊಟ್ಟ ಯೂಸರ್ ಹೆಸರು, ಪಾಸ್‌ವರ್ಡ್ ಎಲ್ಲ ಅಳಿಸಿ, ಒಂದು ತೊಂದರೆ ಇದ್ದದ್ದು ಎರಡಾಗ್ತದೆ. ಆಫ್ ಮಾಡಲೇಬೇಕೆಂದಿದ್ದರೆ ಫೋಟೊ ತೆಗೆದ ಮೇಲೆ ಮಾಡಿ. ಆನ್ ಮಾಡುವಾಗ ಹೊರಗಿನಿಂದ ಒಳಗೆ ಬನ್ನಿ: ಮೊದಲು ಫೈಬರ್ ಪೆಟ್ಟಿಗೆ, ಎರಡು ನಿಮಿಷ ಬಿಟ್ಟು ರೌಟರ್, ಆಮೇಲೆ ಸ್ವಿಚ್, ಕೊನೆಗೆ ಕಂಪ್ಯೂಟರ್.

ಕಂಪನಿಗೋ ರಿಪೇರಿಯವರಿಗೋ ಫೋನ್ ಮಾಡುವಾಗ ಬರೀ ‘ನೆಟ್ ಇಲ್ಲ’ ಅನ್ನಬೇಡಿ. ಹೀಗೆ ಹೇಳಿ: ‘ಐದೂ ಕಂಪ್ಯೂಟರಿಗೆ ಇಲ್ಲ, ರೌಟರಿಗೆ ಪಿಂಗ್ ಹೋಗ್ತದೆ, 8.8.8.8ಕ್ಕೆ ಹೋಗುವುದಿಲ್ಲ, ಎಲ್‌ಒಎಸ್ ಕೆಂಪು ಉಂಟು.’ ಆಚೆ ಕಡೆಯವರು ‘ರೌಟರ್ ಒಮ್ಮೆ ರೀಸ್ಟಾರ್ಟ್ ಮಾಡಿ ಸರ್’ ಅನ್ನುವುದು ಅಲ್ಲಿಗೆ ನಿಲ್ತದೆ. ಇಲ್ಲದ ಕಾಯಿಲೆಗೆ ಹೊಸ ರೌಟರ್ ತೆಗೆದುಕೊಳ್ಳುವ ಖರ್ಚೂ ಉಳೀತದೆ.

ಈ ವಾರ, ಎಲ್ಲ ಸರಿ ಇರುವಾಗಲೇ, ಅರ್ಧ ಗಂಟೆ ಕೊಡಿ. ಪ್ರತಿ ಕೇಬಲಿನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ. ರೌಟರ್, ಡೇಟಾ ಕಂಪ್ಯೂಟರ್, ಪ್ರಿಂಟರ್ ಮೂರರ ವಿಳಾಸ, ಕಂಪನಿಯ ಕಸ್ಟಮರ್ ನಂಬರ್ ಒಂದು ಕಾಗದದಲ್ಲಿ ಬರೆದು ಸ್ವಿಚ್ ಹತ್ತಿರ ಅಂಟಿಸಿ. ಪಾಸ್‌ವರ್ಡ್ ಮಾತ್ರ ಗೋಡೆಗೆ ಬೇಡ. ಪರೀಕ್ಷೆ ಮಾಡಿದ ಒಂದು ಒಳ್ಳೆಯ ಕೇಬಲ್ ಡ್ರಾಯರಿನಲ್ಲಿರಲಿ. ನೀವು ರಜೆಯಲ್ಲಿ ಊರಿಗೆ ಹೋದ ದಿನ ಇನ್ನೊಬ್ಬರು ಅದನ್ನು ನೋಡಿ ಕೆಲಸ ಮಾಡಬಹುದು, ನಿಮಗೆ ಫೋನ್ ಬರುವುದೂ ತಪ್ತದೆ.

ಇವತ್ತಿಗೆ ಇಷ್ಟು. ಆಫೀಸಿನಲ್ಲಿ ‘ಸ್ವಲ್ಪ ನೋಡು ಮಾರಾಯ’ ಅಂತ ಕೇಳಿಸಿಕೊಳ್ಳುವ ನಿಮ್ಮ ಸ್ನೇಹಿತರು ಯಾರಾದರೂ ಇದ್ದರೆ ಅವರಿಗೆ ಇದನ್ನು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗುವ.